ಹೆಚ್ಚಿಗೆ ಕಂಡ ಎಲುಬನ್ನು ತೆಗೆಸಲೇಬೇಕೆ?

ಪ್ರಶ್ನೆ: ನಾನು ಅಂಕೋಲಾ ತಾಲೂಕಿನ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ವಯಸ್ಸು 33. ಆರೇಳು ತಿಂಗಳಿಂದ ಬೋರ್ಡಿನ ಮೇಲೆ ಬರೆಯುವಾಗ, ಮಗಳಿಗೆ ಜಡೆ ಹಾಕುವಾಗ ಬಲಗೈಯ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ಕೈ ಇಳಿಸಿದರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಕುತ್ತಿಗೆಯ ಎಕ್ಸರೇ ತೆಗೆಸಿದಾಗ ಎರಡೂ ಕಡೆ ಒಂದೊಂದು ಪಕ್ಕೆಲುಬು ಹೆಚ್ಚಿಗೆ ಇದೆ, ‘ಸರ್ವೈಕಲ್ ರಿಬ್’ ಎಂದು ಬರೆದುಕೊಟ್ಟರು. ಬೈತಖೋಲದಲ್ಲಿ ಬೋಟಿಗೆ ಹೋಗುವ ನನ್ನ ಅಪ್ಪ ಹೋದ ವರ್ಷ ಜೆಟ್ಟಿಯ ಮೇಲೆ ಜಾರಿ ಕಾಲು ಉಳುಕಿಸಿಕೊಂಡಿದ್ದರು. ಆಗ ಒಬ್ಬ ವೈದ್ಯರು ಹಿಮ್ಮಡಿಯ ಮೇಲ್ಭಾಗದಲ್ಲಿ ಎಲುಬಿನ ಚೂರು ಮುರಿದಿದೆ ಎಂದರು, ಇನ್ನೊಬ್ಬರು ಅದು ಹುಟ್ಟಿನಿಂದ ಇರುವ ಹೆಚ್ಚಿನ ಎಲುಬು ಎಂದರು. ಅವರಿಗೆ ಈಗಲೂ ಆಗಾಗ ಅಲ್ಲಿ ನೋಯುತ್ತದೆ. ನಮ್ಮ ಮನೆತನದಲ್ಲೇ ಏನಾದರೂ ದೋಷವಿದೆಯೇ? ‘ನಿನ್ನ ಆಯಿ ಬಸುರಿಯಿದ್ದಾಗ ಗ್ರಹಣ ನೋಡಿರಬೇಕು’ ಎಂದು ಅತ್ತೆ ಹೇಳುತ್ತಾರೆ. ಈ ಎಲುಬನ್ನು ಆಪರೇಶನ್ ಮಾಡಿ ತೆಗೆಸಬೇಕೇ? ಆರು ವರ್ಷದ ಮಗಳಿಗೂ ಎಕ್ಸರೇ ಮಾಡಿಸಬೇಕೇ?

ಉತ್ತರ: ಅಕ್ಕೋರೇ, ನೀವು ಬರೆದಷ್ಟನ್ನು ನೋಡಿ ಹೇಳುವುದಾದರೆ ಎಲುಬು ತೆಗೆಸುವ ಅವಸರ ಈಗ ಇಲ್ಲ. ಹಾಗಂತ ‘ಏನೂ ಇಲ್ಲ ಬಿಡಿ’ ಎಂದು ಎಕ್ಸರೇಯನ್ನು ಕಪಾಟಿಗೆ ಸೇರಿಸುವಂತೆಯೂ ಇಲ್ಲ. ಎಲುಬು ಎರಡೂ ಕಡೆ ಇದೆ, ಜೋಮು ಹಿಡಿಯುವುದು ಒಂದೇ ಕೈಗೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದೇ. ಎಡಗಡೆಯದು ಇಷ್ಟು ವರ್ಷ ತನ್ನ ಪಾಡಿಗೆ ತಾನಿದೆ. ಬಲಗಡೆಯದೂ ಮೊನ್ನೆಮೊನ್ನೆಯವರೆಗೆ ಹಾಗೆಯೇ ಇತ್ತು. ಹಾಗಿರುವಾಗ ಜೋಮಿಗೆ ನಿಜಕ್ಕೂ ಅದೇ ಕಾರಣವೋ, ಎಕ್ಸರೇಯಲ್ಲಿ ಸಿಕ್ಕಿಬಿದ್ದ ತಪ್ಪಿಗೆ ಅದರ ಮೇಲೆ ಅಪವಾದ ಹೊರಿಸುತ್ತಿದ್ದೇವೋ ಎಂಬುದು ಮೊದಲು ಇತ್ಯರ್ಥವಾಗಬೇಕು.

ಮನುಷ್ಯನಿಗೆ 206 ಎಲುಬು ಎಂದು ನೀವೇ ಮಕ್ಕಳಿಗೆ ಹೇಳಿಕೊಟ್ಟಿರುತ್ತೀರಿ. ಪರೀಕ್ಷೆಯಲ್ಲಿ ಬರೆಯಲು ಆ ಲೆಕ್ಕ ಸರಿ. ಹುಟ್ಟಿದ ಕೂಸಿನಲ್ಲಿ ಅದಕ್ಕಿಂತ ಬಹಳ ಹೆಚ್ಚು ತುಂಡುಗಳಿರುತ್ತವೆ; ಬೆಳೆದಂತೆ ಅವು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೆಲವರಲ್ಲಿ ಒಂದೆರಡು ಬೆಸೆಯದೆ ಹಾಗೇ ಉಳಿಯುತ್ತವೆ. ಕಾಲಿನ ಹೆಬ್ಬೆರಳ ಬುಡದಡಿ ಹೆಚ್ಚುಕಡಿಮೆ ಎಲ್ಲರಿಗೂ ಎರಡೆರಡು ಪುಟ್ಟ ಎಲುಬುಗಳಿವೆ, ನಡೆಯುವಾಗ ಮೈಭಾರ ಹೊರುವುದೇ ಅವುಗಳ ಕೆಲಸ. ಆದರೂ ಅವನ್ನು 206ರಲ್ಲಿ ಎಣಿಸುವುದಿಲ್ಲ. ಆ ಲೆಕ್ಕದಲ್ಲಿ ನಾನೂ ನೀವೂ ಎಲ್ಲರೂ ಹೆಚ್ಚಿನ ಎಲುಬಿನವರೇ. ಹಿಂದೆ ಸುಶ್ರುತ ಸಂಹಿತೆ 300 ಎಂದಿತು, ಚರಕ ಸಂಹಿತೆ ಹಲ್ಲು ಉಗುರುಗಳನ್ನೂ ಸೇರಿಸಿ 360 ಎಂದಿತು. ಯಾವುದನ್ನು ಎಲುಬು ಅನ್ನುತ್ತೇವೆ, ಯಾವ ವಯಸ್ಸಿನಲ್ಲಿ ಎಣಿಸುತ್ತೇವೆ ಎಂಬುದರ ಮೇಲೆ ಸಂಖ್ಯೆ ಬದಲಾಗುತ್ತದೆ.

ಸ್ನಾಯುಗಳ ಕತೆಯಂತೂ ಇನ್ನೂ ಸಡಿಲ. ವೈದ್ಯಕೀಯ ಕಾಲೇಜಿನಲ್ಲಿ ದೇಹದಾನದಿಂದ ಬಂದ ಶರೀರಗಳನ್ನಿಟ್ಟು ಪಾಠ ಮಾಡುವಾಗ ಒಂದು ಮೇಜಿನಲ್ಲಿ ಇರುವ ಸ್ನಾಯು ಪಕ್ಕದ ಮೇಜಿನಲ್ಲಿ ಇರುವುದಿಲ್ಲ. ಹುಡುಗರು ‘ಸರ್, ನಮ್ಮದರಲ್ಲಿ ಸಿಗ್ತಾ ಇಲ್ಲ’ ಎಂದು ಹುಡುಕಿ ಸುಸ್ತಾಗುತ್ತಾರೆ. ಪುಸ್ತಕದ ಚಿತ್ರ ಬಹುಮಂದಿಯದು, ಎಲ್ಲರದ್ದಲ್ಲ ಎಂದು ಅವರಿಗೆ ಗೊತ್ತಾಗುವುದು ಅಲ್ಲಿಯೇ. ಕಾರವಾರದಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿರುವುದರಿಂದ ದೇಹದಾನದ ಬಗ್ಗೆ ಯೋಚಿಸುವವರಿಗೆ ಇದೂ ಒಂದು ಕಾರಣವಾಗಲಿ ಎಂದು ಇಲ್ಲೇ ಹೇಳಿಬಿಡುತ್ತೇನೆ.

ಇನ್ನು ಗ್ರಹಣದ ಮಾತು. ತಾಯಿಯ ಹೊಟ್ಟೆಯಲ್ಲಿ ಬೆನ್ನುಮೂಳೆಯ ವಿನ್ಯಾಸ ನಿರ್ಧಾರವಾಗುವುದು ಮೊದಲ ಎರಡು ತಿಂಗಳೊಳಗೆ. ಆಗ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂದೇ ಗೊತ್ತಿರುವುದಿಲ್ಲ. ಬೆನ್ನುಮೂಳೆಯ ಪ್ರತಿ ಮಣಿಗೂ ಪಕ್ಕೆಲುಬಿನದೊಂದು ಮೊಳಕೆ ಇರುತ್ತದೆ. ಎದೆಯ ಭಾಗದಲ್ಲಿ ಅದು ಉದ್ದ ಬೆಳೆದು ಪಕ್ಕೆಲುಬಾಗುತ್ತದೆ, ಕುತ್ತಿಗೆಯಲ್ಲಿ ಮಣಿಯೊಳಗೇ ಲೀನವಾಗುತ್ತದೆ. ಯಾವ ಮಣಿ ಕುತ್ತಿಗೆಯದು, ಯಾವುದು ಎದೆಯದು ಎಂದು ಹೇಳಿಕೊಡುವುದು ‘ಹಾಕ್ಸ್’ ಎಂಬ ಜೀನುಗಳ ಗುಂಪು. ಆ ಸೂಚನೆ ಗಡಿಯಲ್ಲಿ ಸ್ವಲ್ಪ ಆಚೀಚೆಯಾದರೆ ಕುತ್ತಿಗೆಯ ಏಳನೆಯ ಮಣಿ ತಾನೂ ಎದೆಯದೇ ಎಂಬಂತೆ ಒಂದು ಪಕ್ಕೆಲುಬು ಬೆಳೆಸುತ್ತದೆ. ಇಲಿಯಿಂದ ಜಿರಾಫೆಯವರೆಗೆ ಹಾಲೂಡುವ ಪ್ರಾಣಿಗಳಿಗೆಲ್ಲ ಕುತ್ತಿಗೆಯಲ್ಲಿ ಏಳೇ ಮಣಿ, ಮರಕ್ಕೆ ಜೋತುಬಿದ್ದಿರುವ ಸ್ಲಾತ್ ಮತ್ತು ನೀರಿನಲ್ಲಿ ಬದುಕುವ ಮೆನಾಟಿ ಎಂಬ ಪ್ರಾಣಿಗಳು ಮಾತ್ರ ಇದಕ್ಕೆ ಹೊರತು. ಇಷ್ಟು ಗಟ್ಟಿಯಾದ ನಿಯಮದಲ್ಲೂ ಸರಿಸುಮಾರು ನೂರಕ್ಕೆ ಒಬ್ಬರಲ್ಲಿ, ಅಥವಾ ಅದಕ್ಕೂ ಕಡಿಮೆ ಜನರಲ್ಲಿ, ಈ ಎಲುಬು ಕಾಣಿಸಿಕೊಳ್ಳುತ್ತದೆ. ಹೆಂಗಸರಲ್ಲಿ ತುಸು ಹೆಚ್ಚು. ಅವರಲ್ಲಿ ಬಹುಪಾಲು ಜನರಿಗೆ ಜೀವನಪರ್ಯಂತ ಅದರ ಸುಳಿವೇ ಇರುವುದಿಲ್ಲ. ನಿಮ್ಮ ಆಯಿ ಏನೂ ತಪ್ಪು ಮಾಡಿಲ್ಲ. ಇದನ್ನು ಅತ್ತೆಗೆ ಹೇಗೆ ತಿಳಿಸುವುದು ಎಂಬುದು ಮಾತ್ರ ನನ್ನ ತಜ್ಞತೆಯ ಆಚೆಗಿನದು.

ಈಗ ಜೋಮಿಗೆ ಬರೋಣ. ಕುತ್ತಿಗೆಯಿಂದ ಹೊರಟು ತೋಳಿಗೆ ಹೋಗುವ ನರಗಳೂ ಕೈಯ ದೊಡ್ಡ ರಕ್ತನಾಳವೂ ಕೊರಳ ಪಕ್ಕದ ಎರಡು ಸ್ನಾಯುಗಳ ನಡುವಿನ ಸಂದಿಯಲ್ಲಿ ನುಸುಳಿ, ಮೊದಲ ಪಕ್ಕೆಲುಬಿನ ಮೇಲೆ ಹಾದು, ಕೊರಳೆಲುಬಿನ ಅಡಿಯಿಂದ ಕಂಕುಳಿಗೆ ಇಳಿಯುತ್ತವೆ. ಮೊದಲೇ ಇಕ್ಕಟ್ಟಿನ ಜಾಗ. ಅಲ್ಲಿ ಇನ್ನೊಂದು ಎಲುಬು ಇದ್ದರೆ, ಎಲ್ಲಕ್ಕಿಂತ ಕೆಳಗಿನ ನರದ ಕಂತೆ ಅದರ ಮೇಲೆ ಏರಿ ಇಳಿಯಬೇಕಾಗುತ್ತದೆ. ತೋಳು ಎತ್ತಿದಾಗ ಅದು ಇನ್ನಷ್ಟು ಬಿಗಿಯುತ್ತದೆ. ಆ ಕೆಳಗಿನ ಕಂತೆ ಹೋಗುವುದು ಕಿರುಬೆರಳು, ಉಂಗುರಬೆರಳು ಮತ್ತು ಮುಂಗೈಯ ಒಳಮಗ್ಗುಲಿಗೆ. ಕೈ ಎತ್ತಿದಾಗ ಆ ಎರಡೇ ಬೆರಳಿಗೆ ಜೋಮು ಎಂದು ನೀವು ಬರೆದಿರುವುದು ಇದಕ್ಕೆ ಸರಿಯಾಗಿ ಕೂಡಿಬರುತ್ತದೆ.

ಕೂಡಿಬಂದ ಮಾತ್ರಕ್ಕೆ ಮುಗಿಯಲಿಲ್ಲ. ಮೊಣಕೈಯ ಒಳಬದಿಯಲ್ಲಿ, ತಾಗಿದರೆ ಕರೆಂಟು ಹೊಡೆದಂತಾಗುವ ಜಾಗವಿದೆಯಲ್ಲ, ಅಲ್ಲಿ ಅಲ್ನಾರ್ ನರ ಒತ್ತಿದರೂ ಇದೇ ಎರಡು ಬೆರಳು ಜೋಮು ಹಿಡಿಯುತ್ತವೆ. ಮುಖ್ಯ ವ್ಯತ್ಯಾಸ ಇದು: ಆಗ ಮುಂಗೈಯ ಒಳಮಗ್ಗುಲಿಗೆ ಏನೂ ಆಗುವುದಿಲ್ಲ, ಏಕೆಂದರೆ ಆ ಚರ್ಮದ ನರ ಬೇರೆ ದಾರಿಯಲ್ಲಿ ಬರುತ್ತದೆ. ಹಾಗಾಗಿ ಜೋಮು ಬಂದಾಗ ಮಣಿಕಟ್ಟಿನಿಂದ ಮೊಣಕೈವರೆಗೆ ಒಳಬದಿಯನ್ನು ಎಡಗೈಯಿಂದ ಸವರಿ ನೋಡಿ. ಅಲ್ಲೂ ಮರಗಟ್ಟಿದಂತಿದ್ದರೆ ತೊಂದರೆಯ ಮೂಲ ಮೇಲೆ ಕುತ್ತಿಗೆಯ ಬಳಿ ಇರುವ ಸಂಭವ ಹೆಚ್ಚು. ಇನ್ನೊಂದು, ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು, ಎಚ್ಚರವಾಗಿ, ಕೈ ಕೊಡವಿದರೆ ಸರಿಯಾಗುವುದು ಮಣಿಕಟ್ಟಿನ ಸುರಂಗದಲ್ಲಿ ನರ ಒತ್ತುವ ‘ಕಾರ್ಪಲ್ ಟನಲ್’ ತೊಂದರೆ. ಕುತ್ತಿಗೆಯ ಎಕ್ಸರೇಯಲ್ಲಿ ಎಲುಬು ಕಂಡಿತೆಂದು ಅಂಥವರಿಗೆ ಕುತ್ತಿಗೆಗೆ ಚಿಕಿತ್ಸೆ ಮಾಡಿದರೆ ಗುಣವಾಗುವುದು ಹೇಗೆ?

ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಕಾರಣ ಕುಷ್ಠ. ಹೆಸರು ಕೇಳಿ ಗಾಬರಿಯಾಗಬೇಡಿ. ಮೊಣಕೈ ಹಿಂದಿನ ನರ ದಪ್ಪಗಾಗಿದೆಯೇ, ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದೆಯೇ ಎಂದು ಮುಟ್ಟಿ ನೋಡಲು ಒಂದು ನಿಮಿಷ ಸಾಕು, ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಮದ್ದು ಉಚಿತ. ಸಕ್ಕರೆ ಕಾಯಿಲೆ, ಬಿ12 ಕೊರತೆ, ಕುತ್ತಿಗೆಯ ಡಿಸ್ಕ್ ಜಾರಿರುವುದು ಇವನ್ನೂ ತಳ್ಳಿಹಾಕಬೇಕು. ಬೀಡಿ ಸಿಗರೇಟು ಸೇದುವ ಗಂಡಸರಲ್ಲಿ ಶ್ವಾಸಕೋಶದ ತುದಿಯ ಗಡ್ಡೆ ಇದೇ ನರಗಳನ್ನು ಹಿಡಿಯಬಹುದು. ಅದಕ್ಕೇ ಇಂಥ ದೂರಿಗೆ ಕುತ್ತಿಗೆಯ ಜೊತೆ ಎದೆಯ ಎಕ್ಸರೇಯನ್ನೂ ನೋಡುವುದು.

ವೈದ್ಯರು ನಿಮ್ಮ ಕೈ ಎತ್ತಿಸಿ, ಕತ್ತು ತಿರುಗಿಸಿ, ನಾಡಿ ನಿಲ್ಲುತ್ತದೆಯೇ ಎಂದು ನೋಡಬಹುದು. ಇದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ, ಏನೂ ತೊಂದರೆ ಇಲ್ಲದ ಎಷ್ಟೋ ಜನರಲ್ಲೂ ಆ ಭಂಗಿಯಲ್ಲಿ ನಾಡಿ ಮಂಕಾಗುತ್ತದೆ. ಅದಕ್ಕಿಂತ ಉಪಯೋಗದ್ದು ಇನ್ನೊಂದು: ಎರಡೂ ತೋಳನ್ನು ಭುಜದ ಮಟ್ಟಕ್ಕೆ ಎತ್ತಿ, ಮೊಣಕೈ ಮೇಲಕ್ಕೆ ಮಡಚಿ, ಮೂರು ನಿಮಿಷ ಮುಷ್ಟಿ ಬಿಗಿದು ಬಿಡಿಸುತ್ತಿರುವುದು. ತೋಳು ಸೋಲುವುದು ಎಲ್ಲರಿಗೂ ಇದ್ದದ್ದೇ. ನಿಮಗೆ ಬೋರ್ಡಿನೆದುರು ಬರುವ ಅದೇ ಜೋಮು, ಅದೇ ಬೆರಳುಗಳಿಗೆ, ಬಲಗೈಗೆ ಮಾತ್ರ ಬಂದರೆ ಅದಕ್ಕೆ ಅರ್ಥವಿದೆ. ಆಮೇಲೆ ನರದ ವೇಗ ಅಳೆಯುವ ಪರೀಕ್ಷೆ, ಕೈ ಎತ್ತಿಸಿ ಇಳಿಸಿ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್. ಹತ್ತಿರದಲ್ಲಿ ಆಗದಿದ್ದರೆ ಹುಬ್ಬಳ್ಳಿ, ಮಣಿಪಾಲ ಇಲ್ಲವೇ ಗೋವೆಗೆ ಹೋಗಬೇಕಾದೀತು. ಬಸ್ಸು ಹತ್ತುವ ಮುನ್ನ ಮೇಲೆ ಹೇಳಿದ ಕೈಯ ಪರೀಕ್ಷೆ ಸರಿಯಾಗಿ ಆಗಿರಲಿ, ಇಲ್ಲದಿದ್ದರೆ ಸ್ಕ್ಯಾನಿನ ಮೇಲೆ ಸ್ಕ್ಯಾನು ಬೆಳೆಯುತ್ತದೆ ಅಷ್ಟೆ.

ಎಕ್ಸರೇಯ ಮಿತಿಯೂ ನಿಮಗೆ ಗೊತ್ತಿರಲಿ. ಕೆಲವರಲ್ಲಿ ಎಲುಬಿನ ತುದಿ ಗಿಡ್ಡಗಿದ್ದು, ಅಲ್ಲಿಂದ ಮೊದಲ ಪಕ್ಕೆಲುಬಿಗೆ ಒಂದು ಗಟ್ಟಿ ನಾರಿನ ಪಟ್ಟಿ ಇರುತ್ತದೆ. ನಿಜವಾಗಿ ನರ ಉಜ್ಜುವುದು ಆ ಪಟ್ಟಿಗೆ, ಅದು ಎಕ್ಸರೇಯಲ್ಲಿ ಬೀಳುವುದಿಲ್ಲ. ಎಲುಬು ದೊಡ್ಡದು ಕಂಡಷ್ಟೂ ನೋವು ದೊಡ್ಡದು ಎಂಬ ಲೆಕ್ಕ ಹಾಗಾಗಿ ತಪ್ಪುತ್ತದೆ.

ಕಾರಣ ಅದೇ ಎಂದು ಖಚಿತವಾದರೂ ಮೊದಲ ಚಿಕಿತ್ಸೆ ಫಿಸಿಯೋಥೆರಪಿ. ಭುಜ ಜೋತುಬೀಳದಂತೆ ಹಿಡಿದಿಡುವ ಸ್ನಾಯುಗಳನ್ನು ಬಲಪಡಿಸುವುದು, ಕುತ್ತಿಗೆ ಪಕ್ಕದ ಬಿಗಿಯನ್ನು ಸಡಿಲಿಸುವುದು, ಮೂರು ತಿಂಗಳಾದರೂ ಬಿಡದೆ ಮಾಡುವುದು. ಬೋರ್ಡಿನ ಮೇಲ್ತುದಿಯಲ್ಲಿ ಬರೆಯುವುದನ್ನು ನಿಲ್ಲಿಸಿ, ಎದೆಯ ಮಟ್ಟದಲ್ಲಿ ಬರೆಯಿರಿ. ಪಟ್ಟಿ ಪುಸ್ತಕ ತುಂಬಿದ ಚೀಲವನ್ನು ಬಲಭುಜಕ್ಕೆ ನೇತುಹಾಕಬೇಡಿ, ಅದು ಭುಜವನ್ನು ಕೆಳಕ್ಕೆ ಜಗ್ಗಿ ನರವನ್ನು ಎಲುಬಿನ ಮೇಲೆ ಎಳೆಯುತ್ತದೆ. ಮೂವತ್ತು ದಾಟಿದ ಮೇಲೆ ಈ ತೊಂದರೆ ಹೊಸದಾಗಿ ಶುರುವಾಗುವುದಕ್ಕೂ ಭುಜ ಇಳಿಯುವುದೇ ಒಂದು ಕಾರಣ ಎಂದು ಹೇಳುತ್ತಾರೆ. ಎಲುಬು ಹೊಸದಲ್ಲ, ಭುಜ ಕೂತ ರೀತಿ ಹೊಸದು.

ಆಪರೇಶನ್ ಯಾರಿಗೆ? ಹೆಬ್ಬೆರಳ ಬುಡದ ಮಾಂಸದ ದಿಬ್ಬ ಸೊರಗುತ್ತಿದ್ದರೆ, ಹಿಡಿತ ಕಡಿಮೆಯಾಗಿ ಸೀಮೆಸುಣ್ಣ ಕೈಯಿಂದ ಜಾರುತ್ತಿದ್ದರೆ, ತಿಂಗಳುಗಟ್ಟಲೆ ವ್ಯಾಯಾಮ ಮಾಡಿಯೂ ತೊಂದರೆ ಏರುತ್ತಲೇ ಇದ್ದರೆ. ಬೆರಳು ಬಿಳಿಚಿ ತಣ್ಣಗಾಗುವುದು, ಬೆರಳ ತುದಿಯಲ್ಲಿ ಕಪ್ಪು ಚುಕ್ಕಿ ಅಥವಾ ಮಾಯದ ಹುಣ್ಣು, ಕೊರಳೆಲುಬಿನ ಮೇಲೆ ಬಡಿಯುವ ಗಂಟು ಇವು ರಕ್ತನಾಳ ಕೆಟ್ಟಿರುವ ಲಕ್ಷಣ. ಎಲುಬಿನ ಉಜ್ಜುವಿಕೆಯಿಂದ ರಕ್ತನಾಳ ಉಬ್ಬಿ, ಅದರಲ್ಲಿ ಹೆಪ್ಪುಗಟ್ಟಿದ ಚೂರುಗಳು ಬೆರಳಿಗೆ ಹೋಗಿ ಕೂತಿರುತ್ತವೆ. ಅಂಥದ್ದು ಕಂಡರೆ ಫಿಸಿಯೋಥೆರಪಿ ಎಂದು ಕಾಯದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಈ ಎಲುಬನ್ನು ತೆಗೆಯುವ ಶಸ್ತ್ರಕ್ರಿಯೆ ಹೊಸದೇನಲ್ಲ. 1861ರಲ್ಲೇ ಲಂಡನ್ನಿನಲ್ಲಿ ಹೋಮ್ಸ್ ಕೂಟ್ ಎಂಬ ಶಸ್ತ್ರವೈದ್ಯ ಅದನ್ನು ಮಾಡಿದ್ದ. ಆದರೂ ಸುತ್ತ ಇರುವುದು ಇಡೀ ತೋಳಿನ ನರಗಳು, ದೊಡ್ಡ ರಕ್ತನಾಳ, ಉಸಿರಾಟದ ಪೊರೆಯನ್ನು ಆಡಿಸುವ ನರ, ಶ್ವಾಸಕೋಶದ ತುದಿ. ನೆಂಟರು ‘ತೆಗೆಸಿಬಿಡು’ ಎನ್ನುವಷ್ಟು ಹಗುರದ ಕೆಲಸವಲ್ಲ. ಸುಮ್ಮನಿರುವ ಎಡಗಡೆಯದನ್ನಂತೂ ಯಾರೂ ಮುಟ್ಟುವುದಿಲ್ಲ.

ಅಪ್ಪನ ಕಾಲಿನ ವಿಷಯ ಬೇರೆಯೇ. ನಿಮ್ಮ ಪಕ್ಕೆಲುಬಿಗೂ ಅವರ ಹಿಮ್ಮಡಿಗೂ ನಂಟಿಲ್ಲ, ಮನೆತನದ ದೋಷ ಎಂದು ಗಂಟು ಹಾಕಬೇಡಿ. ಹಿಮ್ಮಡಿಯ ಎಲುಬಿನ ಮೇಲೆ ಕೂರುವ ಟೇಲಸ್ ಎಂಬ ಎಲುಬಿನ ಹಿಂತುದಿ ಎಂಟರಿಂದ ಹದಿಮೂರರ ವಯಸ್ಸಿನಲ್ಲಿ ಬೇರೆಯಾಗಿ ಮೂಡಿ, ಆಮೇಲೆ ಬೆಸೆದುಕೊಳ್ಳುತ್ತದೆ. ಹತ್ತರಲ್ಲಿ ಒಬ್ಬರಿಗೆಂಬಂತೆ ಅದು ಬೆಸೆಯದೆ ಉಳಿಯುತ್ತದೆ. ಅದಕ್ಕೆ ‘ಆಸ್ ಟ್ರೈಗೋನಮ್’ ಎಂದು ಹೆಸರು. ಎಕ್ಸರೇಯಲ್ಲಿ ಇದನ್ನೂ ಮುರಿತವನ್ನೂ ಬೇರೆ ಮಾಡಲು ಅಂಚು ನೋಡಬೇಕು. ಹುಟ್ಟಿನಿಂದ ಬೇರೆಯಿರುವ ಎಲುಬಿಗೆ ಸುತ್ತಲೂ ನಯವಾದ, ಬೆಳ್ಳಗಿನ ಅಂಚುಗೆರೆ ಇರುತ್ತದೆ. ಹೊಸದಾಗಿ ಮುರಿದ ಚೂರಿನಲ್ಲಿ ಮುರಿದ ಮಗ್ಗುಲು ಒರಟು, ಅಲ್ಲಿ ಆ ಗೆರೆ ಇಲ್ಲ, ಚೂರನ್ನು ಮನಸ್ಸಿನಲ್ಲೇ ಮತ್ತೆ ಅದರ ಜಾಗಕ್ಕೆ ಸರಿಸಿದರೆ ತಾಯಿ ಎಲುಬಿಗೆ ಹೊಂದಿ ಕೂರುತ್ತದೆ. ಇನ್ನೊಂದು ಕಾಲಿನ ಎಕ್ಸರೇಯನ್ನೂ ತೆಗೆದು ಹೋಲಿಸುವುದುಂಟು. ಎರಡರಲ್ಲೂ ಇದ್ದರೆ ಹುಟ್ಟಿನದೆಂದು ಧೈರ್ಯವಾಗಿ ಹೇಳಬಹುದು, ಒಂದರಲ್ಲೇ ಇದ್ದರೆ ಮಾತ್ರ ಮುರಿತವೆಂದು ಹೇಳಲಾಗದು.

‘ಹುಟ್ಟಿನಿಂದ ಇದೆ, ಹಾಗಾಗಿ ನೋವಿಗೆ ಕಾರಣವಲ್ಲ’ ಎಂಬ ಎರಡನೆಯ ಹೆಜ್ಜೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಪಾದ ಕೆಳಕ್ಕೆ ಚಾಚಿದಾಗ ಆ ಪುಟ್ಟ ಎಲುಬು ಮೊಣಕಾಲ ಕೆಳಗಿನ ಎಲುಬಿಗೂ ಹಿಮ್ಮಡಿಗೂ ನಡುವೆ ಅಡಕೊತ್ತಿಗೆ ಸಿಕ್ಕ ಅಡಿಕೆಯಂತೆ ಸಿಕ್ಕಿಹಾಕಿಕೊಳ್ಳುತ್ತದೆ. ಇಷ್ಟು ವರ್ಷ ಅದನ್ನು ಹಿಡಿದಿದ್ದ ಮೃದ್ವಸ್ಥಿಯ ಬೆಸುಗೆ ಜಾರಿ ಬಿದ್ದ ಹೊಡೆತಕ್ಕೆ ಸಡಿಲವಾಗಿರಬಹುದು. ಚೆಂಡಾಟದವರಲ್ಲಿ, ಬೆರಳ ತುದಿಯ ಮೇಲೆ ಕುಣಿಯುವವರಲ್ಲಿ ಇದು ಗೊತ್ತಿರುವ ತೊಂದರೆ. ನಮ್ಮ ಕಡೆಯ ಯಕ್ಷಗಾನ ಕಲಾವಿದರು ಮಂಡಿ ಹಾಕಿ ತಿರುಗುವಾಗಲೂ ಪಾದ ಹೀಗೆಯೇ ಹಿಂದಕ್ಕೆ ಚಾಚಿರುತ್ತದೆ, ಹಿಮ್ಮಡಿಯ ಹಿಂಬದಿ ನೋಯುತ್ತದೆ ಎನ್ನುವವರಲ್ಲಿ ಇದನ್ನು ಹುಡುಕಬೇಕು. ಅಪ್ಪನಿಗೆ ಹಿಮ್ಮಡಿಯ ಹಿಂದಿನ ದಪ್ಪ ಟೆಂಡನ್ನಿನ (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ) ಮುಂದೆ, ಎರಡೂ ಬದಿಯಿಂದ ಹೆಬ್ಬೆರಳು ತೋರುಬೆರಳಲ್ಲಿ ಒತ್ತಿ, ಪಾದ ಕೆಳಕ್ಕೆ ಬಾಗಿಸಿ ನೋಡಿ. ಅದೇ ನೋವು ಬಂದರೆ ಒಂದು ಎಂಆರ್‌ಐ ಮಾಡಿಸುವುದು ತಕ್ಕದ್ದು. ಹೆಚ್ಚಿನವರಿಗೆ ವಿಶ್ರಾಂತಿ, ಕೆಲವು ವಾರ ಪಾದದ ಬೂಟು, ಬೇಕಾದರೆ ಒಂದು ಇಂಜೆಕ್ಷನ್ ಸಾಕಾಗುತ್ತದೆ. ಎಣ್ಣೆ ಹಾಕಿ ಜೋರಾಗಿ ತಿಕ್ಕಿಸುವುದು, ಬಿದಿರ ಪಟ್ಟಿ ಕಟ್ಟಿ ಬಿಗಿಸುವುದು ಬೇಡ.

ಹೆಚ್ಚಿನ ಎಲುಬನ್ನು ಮುರಿತ ಎಂದು ಓದಿದರೆ ಆಗುವ ನಷ್ಟ ಬರೀ ಪ್ಲಾಸ್ಟರಿನದಲ್ಲ. ಜಗಳ ಬಡಿದಾಟದ ಕೇಸಿನಲ್ಲಿ ಎಲುಬು ಮುರಿದಿದೆ ಎಂದು ಗಾಯದ ಪ್ರಮಾಣಪತ್ರದಲ್ಲಿ ಬಂದರೆ ಕಾನೂನಿನ ಕಣ್ಣಿಗೆ ಅದು ತೀವ್ರ ಗಾಯ. ಹಿಂದೆ ಐಪಿಸಿಯ 320ನೇ ಕಲಂ ಇದನ್ನು ಹೇಳುತ್ತಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ. ಮೊಣಕಾಲ ಚಿಪ್ಪು ನೂರರಲ್ಲಿ ಒಂದಿಬ್ಬರಲ್ಲಿ ಹುಟ್ಟಿನಿಂದಲೇ ಎರಡು ತುಂಡಾಗಿರುತ್ತದೆ, ಸಣ್ಣ ತುಂಡು ಸಾಮಾನ್ಯವಾಗಿ ಹೊರಬದಿಯ ಮೇಲ್ಮೂಲೆಯಲ್ಲಿ. ಹಣೆಯ ನಡುವೆ ಚಿಕ್ಕಂದಿನಲ್ಲೇ ಕೂಡಬೇಕಾದ ಹೊಲಿಗೆಗೆರೆ ಕೆಲವರಲ್ಲಿ ಮುಪ್ಪಿನವರೆಗೂ ಉಳಿಯುತ್ತದೆ, ತಲೆಗೆ ಪೆಟ್ಟು ಬಿದ್ದವನ ಎಕ್ಸರೇಯಲ್ಲಿ ಅದು ಬಿರುಕಿನಂತೆಯೇ ಕಾಣುತ್ತದೆ. ಆ ಸಹಿ ಹಾಕುವ ವೈದ್ಯರ ಕೈಯಲ್ಲಿ ಒಬ್ಬನ ಜೈಲುವಾಸವೂ ಇರುತ್ತದೆ.

ನೀವು ಶಿಕ್ಷಕಿಯಾದ್ದರಿಂದ ಒಂದು ಪ್ರಯೋಗ ಹೇಳುತ್ತೇನೆ. ಹೆಬ್ಬೆರಳ ತುದಿಗೆ ಕಿರುಬೆರಳ ತುದಿ ತಾಗಿಸಿ, ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಾಗಿಸಿ. ಮಣಿಕಟ್ಟಿನ ನಡುವೆ ಹಗ್ಗದಂತೆ ಒಂದು ಟೆಂಡನ್ ಎದ್ದು ಕಂಡರೆ ಅದು ‘ಪಾಮಾರಿಸ್ ಲಾಂಗಸ್’ ಸ್ನಾಯುವಿನದು. ಏಳದಿದ್ದರೆ ನಿಮಗೆ ಆ ಸ್ನಾಯುವೇ ಇಲ್ಲ. ನೂರಕ್ಕೆ ಸುಮಾರು 15 ಮಂದಿಗೆ ಇರುವುದಿಲ್ಲ ಎಂಬ ಸರಾಸರಿಯನ್ನು ಪುಸ್ತಕಗಳು ಕೊಡುತ್ತವೆ, ಜನಾಂಗದಿಂದ ಜನಾಂಗಕ್ಕೆ ಅದು ಬಹಳ ಏರುಪೇರಾಗುತ್ತದೆ. ತರಗತಿಯಲ್ಲಿ ಮಾಡಿಸಿದರೆ ಕೆಲವು ಮಕ್ಕಳ ಒಂದು ಕೈಯಲ್ಲಿ ಮಾತ್ರ ಇರುವುದನ್ನೂ ನೋಡುತ್ತೀರಿ. ಇಲ್ಲದವರ ಹಿಡಿತಕ್ಕೇನೂ ಕೊರತೆಯಿಲ್ಲ. ಇದ್ದೂ ಇಲ್ಲದಂತಿರುವುದರಿಂದಲೇ ಅದು ಶಸ್ತ್ರವೈದ್ಯರಿಗೆ ಬಲು ಬೇಕಾದದ್ದು. ಕೈಯ ಬೇರೆ ಟೆಂಡನ್ ಹಾಳಾದಾಗ ಇದನ್ನು ತೆಗೆದು ಅಲ್ಲಿ ಹೊಲಿಯುತ್ತಾರೆ. ಅಪಾಯವೂ ಅಲ್ಲೇ ಇದೆ: ಅದರ ಪಕ್ಕದಲ್ಲೇ, ತುಸು ಆಳದಲ್ಲಿ, ಅಂಗೈಯ ಮುಖ್ಯ ನರ ಮೀಡಿಯನ್ ಸಾಗುತ್ತದೆ. ಸ್ನಾಯು ಇಲ್ಲದವರಲ್ಲಿ ಮೊದಲೇ ಪರೀಕ್ಷಿಸದೆ ಕತ್ತರಿ ಹಾಕಿ, ಟೆಂಡನ್ ಎಂದುಕೊಂಡು ನರವನ್ನೇ ತೆಗೆದ ಪ್ರಸಂಗಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಎರಡು ಸೆಕೆಂಡಿನ ಬೆರಳು ತಾಗಿಸುವಿಕೆಗೆ ಅಷ್ಟು ಬೆಲೆ.

ಮೀನು ಹೆಚ್ಚುವಾಗ ಅಂಗೈಗೆ ಕತ್ತಿ ತಾಗಿಸಿಕೊಂಡು ಬರುವವರಲ್ಲಿ ಇನ್ನೊಂದು ಎಡವಟ್ಟು ಇದೆ. ಉಳಿದ ಬೆರಳುಗಳನ್ನು ನೇರ ಹಿಡಿದು ಕಿರುಬೆರಳನ್ನು ನಡುಗಿಣ್ಣಿನಲ್ಲಿ ಬಾಗಿಸಲು ಹೇಳುತ್ತೇವೆ. ಬಾಗದಿದ್ದರೆ ಟೆಂಡನ್ ಕಡಿದಿದೆ ಎಂದು ಬರೆಯುವ ಮುನ್ನ ಗಾಯವಿಲ್ಲದ ಕೈಯ ಕಿರುಬೆರಳನ್ನೂ ನೋಡಲೇಬೇಕು. ಎಷ್ಟೋ ಜನರಿಗೆ ಆ ಬೆರಳಿಗೆ ಹೋಗುವ ಮೇಲ್ಪದರದ ಟೆಂಡನ್ ಹುಟ್ಟಿನಿಂದಲೇ ಸಣಕಲು ಅಥವಾ ಪಕ್ಕದ ಬೆರಳಿನದಕ್ಕೆ ಅಂಟಿಕೊಂಡಿರುತ್ತದೆ.

ಘಟ್ಟದ ಮೇಲೆ, ಶಿರಸಿ ಸಿದ್ದಾಪುರದ ಕಡೆ, ಅಡಿಕೆ ಸುಲಿಯುವ ಹಂಗಾಮಿನಲ್ಲಿ ಹೆಬ್ಬೆರಳ ಬುಡ ಹಿಡಿದುಕೊಂಡು ಬರುವ ಹೆಣ್ಣುಮಕ್ಕಳು ಬಹಳ. ಮೆಟ್ಟುಗತ್ತಿಗೆ ಅಡಿಕೆ ಒತ್ತಿ ತಿರುಗಿಸುವಾಗ ಹೆಬ್ಬೆರಳಿಗೆ ಬಿಡುವೇ ಇಲ್ಲ. ಅಲ್ಲಿ ಎರಡು ಸ್ನಾಯುಗಳ ಟೆಂಡನ್‌ಗಳು ಒಂದೇ ಸುರಂಗದಲ್ಲಿ ಹಾಯುತ್ತವೆ, ಅದರ ಪೊರೆ ಊದಿ ಬಿಗಿಯಾದದ್ದೇ ಈ ನೋವು. 1895ರಲ್ಲಿ ಇದನ್ನು ವಿವರಿಸಿದ ಸ್ವಿಸ್ ವೈದ್ಯ ಫ್ರಿಟ್ಜ್ ಡಿ ಕ್ವೆರ್ವೈನ್ ಹೆಸರೇ ಇದಕ್ಕಿದೆ. ಪುಸ್ತಕದಲ್ಲಿ ಒಂದು ಸುರಂಗ, ಎರಡು ಟೆಂಡನ್. ಕೈ ಬಿಚ್ಚಿ ನೋಡಿದರೆ ಒಂದು ಟೆಂಡನ್ ಎರಡು ಮೂರು ಎಳೆಯಾಗಿರುವುದೇ ಹೆಚ್ಚು, ಜೊತೆಗೆ ಎಷ್ಟೋ ಜನರಲ್ಲಿ ಸುರಂಗದೊಳಗೆ ಅಡ್ಡಗೋಡೆ ಇದ್ದು ಇನ್ನೊಂದು ಟೆಂಡನ್ ತನ್ನದೇ ಬೇರೆ ಕೋಣೆಯಲ್ಲಿ ಕೂತಿರುತ್ತದೆ. ಇಂಜೆಕ್ಷನ್ನಿನ ಮದ್ದು ಒಂದು ಕೋಣೆಗೆ ಹೋಗುತ್ತದೆ, ಇನ್ನೊಂದಕ್ಕೆ ಹೋಗುವುದಿಲ್ಲ. ‘ಎರಡು ಸಲ ಸೂಜಿ ಹಾಕಿಸಿದ್ರೂ ಹೋಗ್ಲಿಲ್ಲ’ ಎನ್ನುವವರಲ್ಲಿ ಇದನ್ನೇ ಶಂಕಿಸಬೇಕು.

ಶಸ್ತ್ರಕ್ರಿಯೆಯಲ್ಲೂ ಮೋಸಹೋಗುವುದು ಸುಲಭ. ಜಾಗ ಮರಗಟ್ಟಿಸಿ, ಚರ್ಮದಡಿಯ ತೆಳು ನರವನ್ನು ಪಕ್ಕಕ್ಕೆ ಸರಿಸಿ, ಸುರಂಗದ ಚಾವಣಿ ಸೀಳಿದ ಕೂಡಲೇ ಎರಡು ಎಳೆ ಹೊಳೆಯುತ್ತ ಕಾಣುತ್ತವೆ. ಎರಡೂ ಸಿಕ್ಕವು ಎಂದು ಹೊಲಿದುಬಿಟ್ಟರೆ ಅವೆರಡೂ ಒಂದೇ ಸ್ನಾಯುವಿನ ಎಳೆಗಳಾಗಿರಬಹುದು. ಅದಕ್ಕೇ ಒಂದೊಂದನ್ನೂ ಕೊಕ್ಕೆಯಲ್ಲಿ ಮೆಲ್ಲಗೆ ಎಳೆದು ನೋಡುವುದು. ಹೆಬ್ಬೆರಳ ನಡುವಿನ ಗಿಣ್ಣು ನೇರವಾದರೆ ಸಿಗಬೇಕಾದ ಟೆಂಡನ್ ಸಿಕ್ಕಿದೆ. ಬರೀ ಬುಡ ಅಲುಗಾಡಿದರೆ ಅಡ್ಡಗೋಡೆಯ ಆಚೆ ಅದು ಇನ್ನೂ ಬಿಗಿದುಕೊಂಡೇ ಇದೆ, ಹುಡುಕಬೇಕು.

ಹೀಗೆ ಹೇಳುತ್ತ ಹೋದರೆ ಪಟ್ಟಿ ಉದ್ದ. ಎದೆಯ ಮೇಲೆ ಕೆಲವರಿಗೆ ಇರುವ ಸ್ಟರ್ನಾಲಿಸ್ ಎಂಬ ತೆಳು ಸ್ನಾಯು ಮ್ಯಾಮೋಗ್ರಾಮಿನಲ್ಲಿ (ಸ್ತನದ ಎಕ್ಸರೇ) ಗಂಟಿನಂತೆ ಕಂಡು ಹೆದರಿಸುತ್ತದೆ. ಎದೆಯ ನಡುವಿನ ಎಲುಬಿನಲ್ಲಿ ಕೆಲವರಿಗೆ ಹುಟ್ಟಿನಿಂದ ರಂಧ್ರವಿರುತ್ತದೆ, ಅಲ್ಲಿ ಸೂಜಿ ಚುಚ್ಚಿ ಹೃದಯಕ್ಕೆ ತಾಗಿ ಸತ್ತವರಿದ್ದಾರೆ. ತೊಡೆಯೆಲುಬು ಏಷ್ಯಾದ ಜನರಲ್ಲಿ ಮುಂದಕ್ಕೆ ತುಸು ಹೆಚ್ಚೇ ಬಾಗಿರುವುದರಿಂದ ಅದು ಮುರಿದಾಗ ಒಳಗೆ ಹಾಕುವ, ಬೇರೆ ಅಳತೆಗೆ ಮಾಡಿದ ಉದ್ದನೆಯ ರಾಡು ಅದರ ಮುಂಗೋಡೆಯನ್ನು ಕೊರೆಯಬಹುದು.

ನಿಮಗೆ ಸಂಬಂಧಿಸಿದ್ದು ಇನ್ನೊಂದಿದೆ. ಕುತ್ತಿಗೆಯಲ್ಲಿ ಪಕ್ಕೆಲುಬು ಇರುವವರಲ್ಲಿ ಕೆಳಗೆ ಸೊಂಟದ ಕೊನೆಯ ಮಣಿಯ ಲೆಕ್ಕವೂ ಕೆಲವೊಮ್ಮೆ ತಪ್ಪುತ್ತದೆ. ಐದನೆಯ ಮಣಿ ಕೆಳಗಿನ ತ್ರಿಕಾಸ್ಥಿಗೆ (ಬೆನ್ನುಮೂಳೆಯ ಬುಡದ ಮುಕ್ಕೋನದ ಎಲುಬು) ಅಂಟಿರುತ್ತದೆ, ಅಥವಾ ತ್ರಿಕಾಸ್ಥಿಯ ಮೊದಲನೆಯದು ಬಿಡಿಯಾಗಿ ಆರನೆಯದಾಗುತ್ತದೆ. ಇಟಲಿಯ ಬೆರ್ತೊಲೋತ್ತಿ 1917ರಲ್ಲಿ ಇದನ್ನು ಸೊಂಟನೋವಿನ ಜೊತೆ ಸೇರಿಸಿ ಬರೆದ. ಎಲ್ಲ ಸೊಂಟನೋವಿಗೂ ಇದು ಕಾರಣವಲ್ಲ. ಆದರೆ ಮುಂದೆಂದಾದರೂ ಬೆನ್ನಿನ ಆಪರೇಶನ್ ಅಥವಾ ಬೆನ್ನಿಗೆ ಸೂಜಿ ಕೊಡುವ ಸಂದರ್ಭ ಬಂದರೆ, ಕೆಳಗಿನಿಂದ ಎಣಿಸುವವರು ಒಂದು ಮಣಿ ಮೇಲಕ್ಕೋ ಕೆಳಕ್ಕೋ ತಪ್ಪಬಹುದು. ‘ನನಗೆ ಸರ್ವೈಕಲ್ ರಿಬ್ ಇದೆ, ಮಣಿಗಳನ್ನು ಮೇಲಿನಿಂದ ಎಣಿಸಿ ನೋಡಿ’ ಎಂದು ನೀವೇ ಬಾಯಿಬಿಟ್ಟು ಹೇಳಬೇಕು.

ಮಗಳಿಗೆ ಎಕ್ಸರೇ ಬೇಡ. ಕುತ್ತಿಗೆಯ ಪಕ್ಕೆಲುಬು ಕೆಲವು ಮನೆಗಳಲ್ಲಿ ತಲೆಮಾರಿನಿಂದ ಬರುವುದುಂಟು, ಅವಳಿಗೂ ಇರಬಹುದು. ಇದ್ದರೂ ತೊಂದರೆಯಿಲ್ಲದ ಮಗುವಿಗೆ ಈಗ ಮಾಡುವಂಥದ್ದು ಏನೂ ಇಲ್ಲ, ಸುಮ್ಮನೆ ವಿಕಿರಣ ತಾಗಿಸಿದಂತಾಗುತ್ತದೆ. ನಿಮ್ಮ ಮತ್ತು ಅಪ್ಪನ ಎಕ್ಸರೇ ಫಿಲ್ಮುಗಳನ್ನು ಮಳೆಗಾಲದಲ್ಲಿ ಬೂಸಲು ಹಿಡಿಯದ ಕಡೆ ಇಡಿ, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ವರದಿಯ ಕಾಗದವಷ್ಟನ್ನೇ ಒಯ್ಯಬೇಡಿ. ಹತ್ತಿರದ ಎಲುಬು-ಕೀಲು ತಜ್ಞರನ್ನೋ ನರತಜ್ಞರನ್ನೋ ಕಂಡಾಗ ಜೋಮು ಯಾವ ಬೆರಳಿಗೆ, ಕೈ ಎತ್ತಿ ಎಷ್ಟು ಹೊತ್ತಿಗೆ, ಮುಂಗೈಗೂ ಬರುತ್ತದೆಯೇ ಎಂಬುದನ್ನು ಒಂದು ವಾರ ಬರೆದಿಟ್ಟು ತೋರಿಸಿ. ಹೆಬ್ಬೆರಳ ದಿಬ್ಬವನ್ನು ಎರಡೂ ಕೈ ಪಕ್ಕಪಕ್ಕದಲ್ಲಿಟ್ಟು ಹೋಲಿಸಿ ನೋಡಲು ಮರೆಯಬೇಡಿ ಎಂದು ಅವರಿಗೆ ನೆನಪಿಸಿದರೂ ತಪ್ಪಿಲ್ಲ.